ಅರಮನೆಗೆ ಅರೆಮನೆಯಿಂದ

ಥೇಮ್ಸ್ ತೀರವಾಸಿಗಳೂ, ಇನ್ನೂರ ನಲವತ್ತೊಂದು ಚಿಮಣಿಗಳ ಕಿರೀಟಧಾರಿಗಳೂ, ಒಬ್ಬ ಕಾರ್ಡಿನಲ್, ಒಬ್ಬ ದಪ್ಪ ರಾಜ, ಅವನ ಹೆಂಡಿರು ಮತ್ತು ಲೆಕ್ಕವಿಲ್ಲದಷ್ಟು ಶಾಲಾಮಕ್ಕಳ ಭಾರವನ್ನು ಹೊತ್ತೂ ಸೊಂಟ ಬಾಗದವರೂ ಆದ ಶ್ರೀ ಹ್ಯಾಂಪ್ಟನ್ ಕೋರ್ಟ್ ಅರಮನೆಯವರ ಸನ್ನಿಧಾನಕ್ಕೆ, ಲಂಡನ್ನಿನ ಕೆಂಟನ್ ಬಡಾವಣೆಯ ಒಂದು ಮೂಲೆಮನೆಯಿಂದ ಗುರುದೇವಿ ಬಸವಂತಪ್ಪ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಈ ಕಡೆ ಎಲ್ಲರೂ ಕ್ಷೇಮ. ತಮ್ಮ ಕಡೆಯ ಕ್ಷೇಮವನ್ನು ಹೋದ ತಿಂಗಳ ಎರಡನೇ ಶನಿವಾರ ಖುದ್ದಾಗಿ ಬಂದು, ಟಿಕೆಟ್ ತೆಗೆದು ನೋಡಿಕೊಂಡು ಹೋಗಿದ್ದೇನಾದ್ದರಿಂದ ಮತ್ತೆ ಕೇಳುವುದಿಲ್ಲ. ಐನೂರು ವರ್ಷ ದಾಟಿದ ಮೇಲೂ ತಮ್ಮ ಗೋಡೆಗಳು ನೆಟ್ಟಗಿವೆ, ಮೈಬಣ್ಣ ಕೆಂಪಗಿದೆ, ಹಿತ್ತಿಲಲ್ಲಿ ಜಿಂಕೆಗಳಿವೆ, ಮುಖ ನೋಡಲು ಜನ ಸಾಲು ನಿಲ್ಲುತ್ತಾರೆ. ಈ ಭಾಗ್ಯ ಎಷ್ಟು ಜನ ಮುದುಕರಿಗಿದೆ? ಆದರೆ ಮೊದಲ ಸಾಲಿನ ಕ್ಷೇಮವನ್ನು ನಾನು ರೂಢಿಗಾಗಿ ಬರೆದೆ. ಅದು ಪೂರ್ತಿ ನಿಜವಲ್ಲ, ಅದಕ್ಕೇ ಈ ಪತ್ರ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಊರು ವಿಜಯಪುರ, ವಯಸ್ಸು ಐವತ್ತೇಳು, ಕೆಲಸ ಔಷಧಿ ಅಂಗಡಿಯ ಕೌಂಟರಿನ ಹಿಂದೆ. ದೂರು ಬರೆಯುವುದರಲ್ಲಿ ಈ ಸುತ್ತಿನ ಕನ್ನಡದವರ ನಡುವೆ ನನಗೆ ಸ್ವಲ್ಪ ಹೆಸರಿದೆ: ಯಾರ ಮನೆಯ ಕಸದ ಬಿನ್ ಎತ್ತಲಿಲ್ಲವೋ, ಯಾರಿಗೆ ಜಿಪಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಸಿಗಲಿಲ್ಲವೋ, ಯಾರ ಬಸ್ ಸ್ಟಾಪನ್ನು ಹೇಳದೆ ಕೇಳದೆ ಕಿತ್ತು ಮುಂದಿನ ತಿರುವಿನಲ್ಲಿ ನೆಟ್ಟರೋ, ಅವರೆಲ್ಲ ನನ್ನ ಅಡುಗೆಮನೆಯ ಮೇಜಿಗೆ ಬಂದು ಕೂರುತ್ತಾರೆ, ನಾನು ಬರೆದುಕೊಡುತ್ತೇನೆ, ಬಸ್ ಸ್ಟಾಪು ನಾಚಿಕೊಂಡು ವಾಪಸು ಬರುತ್ತದೆ. ಊರವರ ದೂರನ್ನೆಲ್ಲ ಗೆಲ್ಲಿಸಿದ ಈ ಕೈಗೆ ಮನೆಯ ದೂರು ಮಾತ್ರ ದಕ್ಕಿಲ್ಲ. ನಮ್ಮ ಕೌನ್ಸಿಲಿಗೆ, ಅಂದರೆ ಇಲ್ಲಿನ ನಗರಸಭೆಗೆ, ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ನನ್ನ ಅಭಿಪ್ರಾಯ ಅವರಿಗೆ ಬಹಳ ಮುಖ್ಯವೆಂದು ಒಂದು ಯಂತ್ರ ತಿಳಿಸಿತು. ಆದ್ದರಿಂದ ಈ ಸಲ ಕನ್ನಡದಲ್ಲಿ, ಮನುಷ್ಯರನ್ನು ಬಿಟ್ಟು ನೇರವಾಗಿ ಇಟ್ಟಿಗೆಗೇ ಬರೆಯುತ್ತಿದ್ದೇನೆ. ಲ್ಯಾಟಿನ್, ಫ್ರೆಂಚ್, ಸ್ಪ್ಯಾನಿಷ್, ಡಚ್ಚು ಎಲ್ಲವನ್ನೂ ಕೇಳಿ ಅರಗಿಸಿಕೊಂಡ ಗೋಡೆಗಳಿಗೆ ಕನ್ನಡ ಭಾರವಾಗಲಾರದು ಎಂದು ನಂಬಿದ್ದೇನೆ.

ವಿಷಯಕ್ಕೆ ಬರುವ ಮುನ್ನ ಒಂದು ಅಕ್ಷರದ ಕಥೆಯನ್ನು ತಾವು ತಾಳ್ಮೆಯಿಂದ ಕೇಳಬೇಕು. ೧೯೯೯ರಲ್ಲಿ ನಾವು ಈ ಮನೆ ಕೊಂಡಾಗ, ನಮ್ಮ ಜೊತೆಗೇ ಇರುವ ನನ್ನ ಅತ್ತೆ ನೀಲಗಂಗವ್ವನವರು ಊರಿನಲ್ಲಿದ್ದ ತಮ್ಮ ಅಕ್ಕನಿಗೆ ಸುದ್ದಿ ತಿಳಿಸಲು ನೀಲಿ ಏರೋಗ್ರಾಂ ಹಿಡಿದು ಕೂತರು. ಸೆಮಿ-ಡಿಟ್ಯಾಚ್ಡ್ ಅಂದರೇನು ಎಂದು ಮಗನನ್ನು, ಅಂದರೆ ನನ್ನ ಯಜಮಾನರನ್ನು, ಕೇಳಿದರು. ಒಂದೇ ಮನೆ ಕಟ್ಟಿ ನಡುವೆ ಗೋಡೆ ಎಳೆದಿರುತ್ತಾರೆ, ಅರ್ಧ ನಮ್ಮದು, ಅರ್ಧ ಪಕ್ಕದವರದು ಎಂದು ಅವರು ಬಿಡಿಸಿ ಹೇಳಿದರು. ನಾಲ್ಕನೇ ಇಯತ್ತೆಯವರೆಗೆ ಓದಿದ ಅತ್ತೆ, ಯಾವ ಪಂಡಿತರಿಗೂ ಹೊಳೆಯದ ಪದವೊಂದನ್ನು ಅಲ್ಲೇ ಟಂಕಿಸಿ, 'ನಾವು ಲಂಡನ್ನಿನಲ್ಲಿ ಅರೆಮನೆ ಕೊಂಡೆವು' ಎಂದು ಬರೆದು ಅಂಟಿಸಿ ಕಳಿಸಿದರು. ರಕಾರದ ಎತ್ವ ಏರೋಗ್ರಾಮಿನ ಮಡಿಕೆಗೆ ಸಿಕ್ಕಿ ಅಳಿಸಿತೋ, ದೊಡ್ಡತ್ತೆಯವರ ಕನ್ನಡಕಕ್ಕೆ ಕಾಣಲಿಲ್ಲವೋ, ಶಿವನೇ ಬಲ್ಲ. ಓಣಿಗೆಲ್ಲ ಕೇಳುವ ಹಾಗೆ ಅವರು ಓದಿದ್ದು 'ಅರಮನೆ ಕೊಂಡೆವು' ಎಂದು.

ಅಂದಿನಿಂದ ನಮ್ಮ ಪಾಡು ಹೇಳತೀರದು. ಲಗ್ನಪತ್ರಿಕೆಗಳು 'ಬಸವಂತಪ್ಪನವರು, ಅರಮನೆ, ಕೆಂಟನ್' ಎಂಬ ವಿಳಾಸಕ್ಕೆ ಬಂದಿವೆ. ಯಜಮಾನರ ದೂರದ ತಮ್ಮನೊಬ್ಬ, ಅರಮನೆಯಲ್ಲಿ ಜಾಗಕ್ಕೇನು ಕೊರತೆ ಎಂದುಕೊಂಡು ಎಂಟು ಜನರ ಜೊತೆ ಬಂದಿಳಿದು, ಮೂರು ಬೆಡ್‌ರೂಮುಗಳನ್ನು ಮೂರು ನಿಮಿಷದಲ್ಲಿ ನೋಡಿ ಮುಗಿಸಿ, ಉಳಿದದ್ದು ಎಲ್ಲಿ ಎಂದು ಕೇಳಿದ್ದಾನೆ. ಇಷ್ಟಾದರೂ ಅತ್ತೆ ಆ ಎತ್ವವನ್ನು ತಿದ್ದಲಿಲ್ಲ. ತಿದ್ದಿದರೆ ಓಣಿಯಲ್ಲಿ ಅಕ್ಕನ ಮಾತು ಸುಳ್ಳಾಗುತ್ತದೆ, ಅಕ್ಕ ಸುಳ್ಳಾಗುವುದಕ್ಕಿಂತ ಮನೆ ಸುಳ್ಳಾಗಲಿ ಎಂಬುದು ಅವರ ನ್ಯಾಯ.

ಈಗ ದೂರು. ನಮ್ಮ ಅರೆಮನೆಯನ್ನು ಸುಮಾರು ತೊಂಬತ್ತು ವರ್ಷಗಳ ಹಿಂದೆ ಕಟ್ಟಿದ ಮಹಾನುಭಾವರು, ಮನುಷ್ಯನಿಗೆ ಹಸಿವಾಗುವುದು ಕೆಳಗೆ, ಮಿಕ್ಕ ಅವಸರಗಳೆಲ್ಲ ಮೇಲೆ ಎಂದು ನಿರ್ಧರಿಸಿದ್ದರು. ಅಡುಗೆಮನೆ ಕೆಳಗಿದೆ, ಇರುವ ಒಂದೇ ಟಾಯ್ಲೆಟ್ ಹದಿಮೂರು ಮೆಟ್ಟಿಲುಗಳಾಚೆ ಮಹಡಿಯಲ್ಲಿದೆ. ಹೋದ ವರ್ಷ ನಾಗರ ಪಂಚಮಿಯ ಮರುದಿನ ಆ ಹದಿಮೂರರಲ್ಲಿ ಮೂರನ್ನು ಅತ್ತೆ ಒಟ್ಟಿಗೇ ಇಳಿದರು. ಸೊಂಟದ ಮೂಳೆ ಮುರಿಯಿತು. ಎಂಬತ್ತೊಂದು ವರ್ಷದ ಸೊಂಟಕ್ಕೆ ಆಸ್ಪತ್ರೆಯವರು ಉಕ್ಕಿನ ಕೀಲು ಹಾಕಿ, ಚೆನ್ನಾಗಿ ನೋಡಿಕೊಂಡು, ಮೆಟ್ಟಿಲು ಆದಷ್ಟು ಕಡಿಮೆ ಮಾಡಿ ಎಂದು ಹೇಳಿ ಮನೆಗೆ ಕಳಿಸಿದರು. ಮೆಟ್ಟಿಲು ಹದಿಮೂರೇ ಉಳಿದವು. ಕಡಿಮೆಯಾದದ್ದು ಅತ್ತೆಯ ಚಹಾ.

ದಯವಿಟ್ಟು ಇದನ್ನು ಎರಡು ಸಲ ಓದಿ. ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದಿದ್ದೇವೆ, ಊಟ ಕೆಳಗೆ, ಪೂಜೆ ಕೆಳಗೆ. ಮೇಲೆ ಹೋಗಬೇಕಾದ್ದು ಒಂದಕ್ಕೇ, ಆ ಒಂದನ್ನು ಕಡಿಮೆ ಮಾಡಲು ಅವರು ಕಂಡುಕೊಂಡ ಉಪಾಯವೆಂದರೆ ಏನನ್ನೂ ಕುಡಿಯದಿರುವುದು. ದಿನಕ್ಕೆ ಎಂಟು ಸಲ ಚಹಾ ಕುಡಿದು, ಒಂಬತ್ತನೆಯದಕ್ಕೆ ಯಾರಾದರೂ ನೆಂಟರು ಬರಲಿ ಎಂದು ಬಾಗಿಲು ನೋಡುತ್ತಿದ್ದ ಹೆಂಗಸು ಈಗ ನಾನು ಕಪ್ಪು ಹಿಡಿದು ಹೋದರೆ, 'ಬ್ಯಾಡವಾ, ಅರ್ಧಾ ಸಾಕು' ಎನ್ನುತ್ತಾರೆ, ಆ ಅರ್ಧದಲ್ಲೂ ಅರ್ಧವನ್ನು ಕಿಟಕಿಯ ತುಳಸಿ ಕುಂಡಕ್ಕೆ ಕುಡಿಸುತ್ತಾರೆ. ಚಳಿಗಾಲದೊಳಗೆ ಮೂರು ಸಲ ಉರಿಮೂತ್ರ, ಜ್ವರ. ಮೂರು ಸಲವೂ ಅವರ ಹೆಸರಿನ ಆ್ಯಂಟಿಬಯೋಟಿಕ್ ಪೊಟ್ಟಣವನ್ನು ಕೌಂಟರಿನ ಈಚೆಯಿಂದ ನಾನೇ ಕಟ್ಟಿ, ಆಚೆ ಬಂದು ನಾನೇ ತೆಗೆದುಕೊಂಡಿದ್ದೇನೆ. ಹೆಚ್ಚು ನೀರು ಕುಡಿಯಿರಿ ಎಂದು ಜಿಪಿ ಹೇಳುತ್ತಾರೆ, ಅತ್ತೆ ವಿನಯದಿಂದ ತಲೆಯಾಡಿಸುತ್ತಾರೆ, ಮನೆಗೆ ಬಂದು ತುಳಸಿಗೆ ಕುಡಿಸುತ್ತಾರೆ. ಆ ತುಳಸಿ ಈಗ ನನ್ನ ಎದೆಮಟ್ಟ ಬೆಳೆದಿದೆ, ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಾವೇನು ಕೈಕಟ್ಟಿ ಕೂತಿರಲಿಲ್ಲ. ಮೆಟ್ಟಿಲ ಕೆಳಗೇ ಮಾಡಿಸೋಣವೆಂದರೆ ಅಲ್ಲಿ ಗ್ಯಾಸ್ ಮೀಟರಿದೆ, ಚರಂಡಿಯ ಪೈಪು ಮನೆಯ ಇನ್ನೊಂದು ಪಕ್ಕಕ್ಕಿದೆ. ಪ್ಲಂಬರ್ ಒಳಗೆ ತಲೆ ಹಾಕಿ ನೋಡಿ, ನೀರು ಮೇಲಕ್ಕೆ ಹರಿಯಲು ಶುರುಮಾಡಿದ ದಿನ ಫೋನ್ ಮಾಡಿ ಎಂದು ಹೋದ. ಕೂರಿಸಿಕೊಂಡು ಮೇಲೆತ್ತುವ ಕುರ್ಚಿಗೆ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಜಾಗ ಸಾಲದು. ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಬಂದು, ಕೂರುವ ಜಾಗದಲ್ಲಿ ತೂತಿದ್ದು ಕೆಳಗೆ ಬಕೆಟ್ ಇರುವ ಕುರ್ಚಿಯೊಂದನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಹೋದಳು. ಆ ಕೋಣೆಯಲ್ಲೇ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವ ಅತ್ತೆ ಆ ಕುರ್ಚಿಯನ್ನು ಒಮ್ಮೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕುರ್ಚಿ ಅವತ್ತೇ ಗ್ಯಾರೇಜಿಗೆ ಹೋಯಿತು.

ಕೊನೆಗೆ, ಮನೆ ಮೂಲೆಯಲ್ಲಿರುವುದರಿಂದ, ಪಕ್ಕದ ಖಾಲಿ ಜಾಗಕ್ಕೆ ಐದಡಿ ಅಗಲ, ಏಳಡಿ ಉದ್ದದ ಒಂದು ಟಾಯ್ಲೆಟ್ಟನ್ನು ಅಂಟಿಸಲು ಅನುಮತಿ ಕೊಡಿ ಎಂದು ಕೌನ್ಸಿಲನ್ನು ಬೇಡಿಕೊಂಡೆವು. ಒಂದು ಕಮೋಡು, ಒಂದು ಪುಟ್ಟ ಬೇಸಿನ್ನು, ಹಿಡಿದು ಏಳಲು ಒಂದು ಕಂಬಿ. ಉತ್ತರವಾಗಿ ಏಳು ಪುಟ ಬಂತು. ಅಡಿಗೊಂದು ಪುಟ ಎಂದು ನಾನು ಲೆಕ್ಕ ಹಾಕಿದೆ. ಆ ಏಳು ಪುಟಗಳ ಸಾರ ಇಷ್ಟು: ಹೊಸ ಭಾಗ ಕಟ್ಟಿದರೆ ಜೋಡಿಮನೆಗಳ ಸಮತೋಲನ ಕೆಡುತ್ತದೆ; ಹೊಸ ಇಟ್ಟಿಗೆ ಹಳೆಯ ಇಟ್ಟಿಗೆಗೆ ಹೊಂದುವುದಿಲ್ಲ; ಒಟ್ಟಿನಲ್ಲಿ ಅದು ಬೀದಿಯ ಸ್ವರೂಪಕ್ಕೆ ಒಗ್ಗುವುದಿಲ್ಲ. ಆ ಸ್ವರೂಪವನ್ನು ಹುಡುಕಿಕೊಂಡು ನಾನು ಬೀದಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ತಟ್ಟೆ ಆ್ಯಂಟೆನಾಗಳು ಸಿಕ್ಕವು, ಪ್ಲಾಸ್ಟಿಕ್ ಕಿಟಕಿಗಳು ಸಿಕ್ಕವು, ಒಂದು ಅಂಗಳದಲ್ಲಿ ಎಸೆದ ಹಾಸಿಗೆ ಸಿಕ್ಕಿತು, ಇನ್ನೊಂದರಲ್ಲಿ ಸಿಮೆಂಟಿನ ಎರಡು ಸಿಂಹಗಳು ಸಿಕ್ಕವು. ಸ್ವರೂಪ ಮಾತ್ರ ಅವತ್ತು ಎಲ್ಲೋ ಹೊರಗೆ ಹೋಗಿತ್ತು.

ಈ ದುಃಖದಲ್ಲಿ ನಾವಿದ್ದಾಗಲೇ ತಮ್ಮ ದರ್ಶನಭಾಗ್ಯ ಒದಗಿದ್ದು. ನಮ್ಮ ಪಕ್ಕದ ಬಡಾವಣೆ ಪಿನ್ನರಿನ ಉದಯಶಂಕರ್ ಎಂಬುವರು, ಬೆಂಗಳೂರಿನ ಕಂಪ್ಯೂಟರಿನವರು, ಉಪ್ಪಿಟ್ಟು ಹಂಚುವುದನ್ನೂ ಎಕ್ಸೆಲ್ ಶೀಟಿನಲ್ಲಿ ಹಾಕಿಕೊಂಡೇ ಹಂಚುವವರು, ನಮ್ಮ ಕನ್ನಡ ಗೆಳೆಯರ ಗುಂಪಿಗೆ ಒಂದು ಕೋಚ್ ಬಸ್ಸನ್ನು ಗೊತ್ತುಮಾಡಿದರು. ಅತ್ತೆ ಬರುವುದಿಲ್ಲ ಎಂದರು. ಕಾರಣ ಹೇಳಲಿಲ್ಲ, ನಮಗೂ ಕೇಳುವ ಅಗತ್ಯವಿರಲಿಲ್ಲ. ನಮ್ಮ ಮಗಳು ನೇತ್ರಾ, ಇಪ್ಪತ್ನಾಲ್ಕರವಳು, ಕನ್ನಡ ಎಲ್ಲ ತಿಳಿದೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಲ್ಲಿ ಎಲ್ಲ ಚೆಕ್ ಮಾಡಿದ್ದೇನೆ ಅಜ್ಜಿ, ಟ್ರಸ್ಟ್ ಮಿ ಎಂದು ಗಾಲಿಕುರ್ಚಿ ಎದುರಿಗೆ ತಂದು ನಿಲ್ಲಿಸಿದಳು. ಅತ್ತೆ ಅವತ್ತು ಬೆಳಿಗ್ಗೆ ಏನನ್ನೂ ಕುಡಿಯದೆ ಹೊರಟರು.

ಕೋಚಿನಲ್ಲಿ ಉದಯಶಂಕರ್ ಮೈಕ್ ಹಿಡಿದು ಅರಮನೆಯವರಾದ ತಮ್ಮ ಜನ್ಮಜಾತಕ ಬಿಚ್ಚಿದರು. ತಮ್ಮನ್ನು ಕಟ್ಟಿಸಿದವರು ವುಲ್ಸಿ ಎಂಬ ಕಾರ್ಡಿನಲ್ ಪಾದ್ರಿ, ಮಾಂಸದಂಗಡಿಯವನ ಮಗನೆಂದು ಆಗಿನ ಕಾಲದವರು ಹಿಂದಿನಿಂದ ಆಡಿಕೊಳ್ಳುತ್ತಿದ್ದವರು. ಕಟ್ಟಿದ್ದು ತೀರ ಚೆನ್ನಾಗಿ ಬಂದದ್ದೇ ಅವರ ತಪ್ಪಾಗಿ, ಎಂಟನೇ ಹೆನ್ರಿಯ ಕಣ್ಣು ಬಿದ್ದು, ಅರಮನೆ ಕೈಬದಲಾಯಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದ್ದು ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. ಆ ಹಾವು ಮಹಾಸಭಾಂಗಣ ಕಟ್ಟಿಸಿತು, ಮರದ ಪರದೆಯ ಮೇಲೆ ತನ್ನ ಮತ್ತು ಎರಡನೇ ಹೆಂಡತಿಯ ಹೆಸರಿನ ಮೊದಲಕ್ಷರಗಳನ್ನು ಹೆಣೆದು ಕೆತ್ತಿಸಿತು, ಆಮೇಲೆ ಹೆಂಡತಿಯ ತಲೆ ತೆಗೆಸಿ ಅಕ್ಷರಗಳನ್ನೂ ತೆಗೆಯಿರಿ ಎಂದಿತು. ಬಡಗಿಗಳ ಕಣ್ತಪ್ಪಿ ಒಂದೆರಡು ಉಳಿದುಬಿಟ್ಟವು. ಅದನ್ನು ಕೇಳಿ ಅತ್ತೆ ಕೋಚಿನಲ್ಲಿ ಮೊದಲ ಸಲ ನಕ್ಕರು. ಅಕ್ಷರ ಅಳಿಸುವ ಮತ್ತು ಉಳಿಯುವ ವಿಷಯದಲ್ಲಿ ಅವರಿಗೆ ಸ್ವಂತ ಅನುಭವವಿದೆ.

ಇನ್ನು ತಮ್ಮ ಅಂಗಸೌಷ್ಠವವನ್ನು ಹೊಗಳದೆ ಮುಂದೆ ಹೋದರೆ ನನಗೆ ಪಾಪ ಬರುತ್ತದೆ. ಎದುರಿನಿಂದ ನೋಡಿದರೆ ತಾವು ಕೆಂಪು ಇಟ್ಟಿಗೆಯ ಗೋಪುರ, ಹಲ್ಲುಹಲ್ಲಾದ ಗೋಡೆ, ತಲೆಯ ತುಂಬ ಚಿಮಣಿ, ಅದೂ ಒಂದರಂತೆ ಇನ್ನೊಂದಿಲ್ಲ ಎಂದು ಹೇಳುತ್ತಾರೆ. ಎರಡು ಅಂಗಳ ದಾಟಿ ಆಚೆ ಹೋದರೆ ಬೇರೆಯೇ ಇಟ್ಟಿಗೆ, ಬಿಳಿ ಕಲ್ಲಿನ ಅಂಚು, ಸಾಲುಸಾಲು ಉದ್ದ ಕಿಟಕಿ. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಫ್ರೆಂಚರನ್ನು ನೋಡಿ ಹೊಟ್ಟೆಕಿಚ್ಚಿನಿಂದ ಕಟ್ಟಿದಂಥ ಇನ್ನೊಂದು ಅರಮನೆ. ಮೂರನೇ ವಿಲಿಯಂ ಮತ್ತು ರಾಣಿ ಮೇರಿ ಹಳೆಯದನ್ನು ಬಹುಪಾಲು ಕೆಡವಿ ಹೊಸದು ಕಟ್ಟಿಸಲು ಹೊರಟರಂತೆ, ರೆನ್ ಎಂಬ ಶಿಲ್ಪಿ ನಕ್ಷೆ ಹಾಕಿದರಂತೆ. ಅವಸರದಲ್ಲಿ ಒಂದು ಭಾಗ ಕುಸಿದು ಇಬ್ಬರು ಕೆಲಸಗಾರರು ಸತ್ತರು. ವಿಚಾರಣೆಯಾಯಿತು, ಕೆಲಸ ಮುಂದುವರಿಯಿತು. ಅಷ್ಟರಲ್ಲಿ ರಾಣಿ ಸಿಡುಬು ಬಂದು ತೀರಿಕೊಂಡರು, ಕೆಲಸ ನಿಂತಿತು. ಆಮೇಲೆ ರಾಜರು ಒಳಗಿನದನ್ನು ಹೇಗೋ ಮುಗಿಸಿಕೊಂಡರು, ಒಂದು ದಿನ ತಮ್ಮ ತೋಟದಲ್ಲಿ ಕುದುರೆ ಎಡವಿ ಬಿದ್ದು, ಅದರಿಂದಲೇ ಪ್ರಾಣ ಬಿಟ್ಟರು. ಕುದುರೆ ಎಡವಿದ್ದು ಮೋಲ್ ಎಂಬ ಇಲಿಯಂಥ ಪ್ರಾಣಿ ತೋಡಿದ ಮಣ್ಣಗುಡ್ಡೆಗಂತೆ. ಆ ಪ್ರಾಣಿ ತೋಡುವ ಮುನ್ನ ಅನುಮತಿ ತೆಗೆದುಕೊಂಡದ್ದಕ್ಕೆ ಎಲ್ಲೂ ದಾಖಲೆಯಿಲ್ಲ.

ಹೀಗೆ ಅರ್ಧ ಹಳೆಯದು ಉಳಿಯಿತು, ಅರ್ಧ ಹೊಸದು ಬಂತು. ಸಾಲದ್ದಕ್ಕೆ ಮುಂದಿನ ರಾಜರೊಬ್ಬರ ಕಾಲದಲ್ಲಿ ಹಳೆಯದರಂತೆ ಕಾಣುವ ಹೊಸದನ್ನೂ ನಡುವೆ ತುರುಕಿದರು. ಗಡಿಯಾರದ ಅಂಗಳದಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಮೂರು ಕಾಲದ ಮೂರು ಬಗೆಯ ಗೋಡೆಗಳು ಒಂದನ್ನೊಂದು ನೋಡದೆ ಮುಖ ತಿರುಗಿಸಿಕೊಂಡು ನಿಂತಿರುವುದು ಕಾಣುತ್ತದೆ, ಕೂಡುಕುಟುಂಬದ ವಾರಗಿತ್ತಿಯರ ಹಾಗೆ. ನೇತ್ರಾ ಇದನ್ನೆಲ್ಲ ಅತ್ತೆಗೆ ತೋರಿಸುತ್ತ, ಅಜ್ಜಿ, ಇಟ್ಸ್ ಲಿಟರಲಿ ಟೂ ಹಾಫ್ ಹೌಸಸ್ ಎಂದಳು. ಅತ್ತೆ ಸ್ವಲ್ಪ ಹೊತ್ತು ಆ ಗೋಡೆಯನ್ನು ನೋಡಿ, ಈ ಗೋಡೆಯನ್ನು ನೋಡಿ, 'ಹಂಗಂದ್ರ ಇದೂ ನಮ್ಮಂಗ ಅರೆಮನೀನ ಏನು?' ಎಂದು ಕೇಳಿದರು.

ಮಾನ್ಯರೇ, ಈ ಪತ್ರ ಹುಟ್ಟಿದ್ದು ಆ ಕ್ಷಣದಲ್ಲಿ. ನಾವು ಅರ್ಧಕ್ಕೆ ನಿಂತ ಕಟ್ಟಡಗಳಿಗೆ ಹೊಸಬರಲ್ಲ. ನಮ್ಮೂರಿನಲ್ಲಿ ಬಾರಾಕಮಾನ್ ಇದೆ, ಕಟ್ಟಿಸುತ್ತಿದ್ದ ಸುಲ್ತಾನರು ಹೋಗಿಬಿಟ್ಟದ್ದರಿಂದ ಛಾವಣಿಯಿಲ್ಲದೆ ಕಮಾನುಗಳಷ್ಟೇ ಆಕಾಶ ಹೊತ್ತು ನಿಂತಿವೆ, ನಾವು ಅದರ ಹುಲ್ಲಿನ ಮೇಲೆ ಆಡಿ ಬೆಳೆದವರು. ಅದಕ್ಕೂ ಯಾರೂ ಏಳು ಪುಟ ಬರೆದಿಲ್ಲ, ತಮಗೂ ಬರೆದಿಲ್ಲ. ರಾಜರು ಅರ್ಧ ಬಿಟ್ಟರೆ ಅದಕ್ಕೆ ಇತಿಹಾಸ ಎನ್ನುತ್ತಾರೆ, ಟಿಕೆಟ್ ಇಡುತ್ತಾರೆ. ಗುರುದೇವಿ ಐದಡಿ ಸೇರಿಸಿದರೆ ಸ್ವರೂಪ ಕೆಡುತ್ತದೆ. ಆ ಅಂಗಳದ ಗೋಪುರದಲ್ಲಿರುವ, ಸೂರ್ಯಚಂದ್ರರ ಗತಿಯನ್ನೂ ತೋರಿಸುವ ತಮ್ಮ ಗಡಿಯಾರವೂ ಹಾಗೆಯೇ. ಅದರಲ್ಲಿ ಇಂದಿಗೂ ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ, ತಪ್ಪೆಂದು ಊರಿಗೆಲ್ಲ ಗೊತ್ತಾದ ಮೇಲೂ ನಮ್ಮತ್ತೆಯ ಏರೋಗ್ರಾಮಿನಂತೆ ಯಾರೂ ತಿದ್ದಿಲ್ಲ. ಲಂಡನ್ ಬ್ರಿಜ್ಜಿನ ಹತ್ತಿರ ನದಿ ಯಾವಾಗ ಉಬ್ಬುತ್ತದೆ ಎಂದೂ ಅದು ತೋರಿಸುತ್ತದಂತೆ, ರಾಜರ ದೋಣಿ ಹೊರಡಿಸಲು ಅನುಕೂಲವಾಗಲೆಂದು. ಅಂಥ ಗಡಿಯಾರ ನಮ್ಮ ಅತ್ತೆಯ ತಲೆಯಲ್ಲೂ ಒಂದಿದೆ: ಮಗ ಎಷ್ಟು ಗಂಟೆಗೆ ಮನೆಯಲ್ಲಿರುತ್ತಾನೆ, ಸೊಸೆ ಅಂಗಡಿಯಿಂದ ಎಷ್ಟಕ್ಕೆ ಬರುತ್ತಾಳೆ, ಮೆಟ್ಟಿಲು ಹತ್ತಿಸಲು ಯಾರಿದ್ದಾರೆ ಎಂದು ನೋಡಿಕೊಂಡು ಅವರು ಗುಟುಕು ನೀರು ಕುಡಿಯುತ್ತಾರೆ.

ಆಮೇಲೆ ತಮ್ಮ ಇನ್ನೊಂದು ವೈಭವದ ವಿಷಯ ತಿಳಿಯಿತು. ತಮ್ಮ ಪಾಕಶಾಲೆಗಳು ದಿನಕ್ಕೆ ನೂರಾರು ಜನಕ್ಕೆ ಉಣಿಸುತ್ತಿದ್ದವು, ಉಂಡವರ ಮುಂದಿನ ವ್ಯವಸ್ಥೆಗೆ ಇಪ್ಪತ್ತೆಂಟು ಜನ ಏಕಕಾಲಕ್ಕೆ ಕೂರಬಹುದಾದ ಸಾರ್ವಜನಿಕ ಶೌಚಗೃಹವೂ ಇತ್ತೆಂದು ಉದಯಶಂಕರ್ ಮೈಕಿಲ್ಲದೆಯೇ ದೊಡ್ಡ ದನಿಯಲ್ಲಿ ಓದಿ ಹೇಳಿದರು. ಇಪ್ಪತ್ತೆಂಟು! ನನಗೆ ಕಣ್ಣು ತುಂಬಿ ಬಂತು. ರಾಜರಿಗಂತೂ ಬೇರೆಯೇ ಪೀಠ, ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಸೇವೆ ಮಾಡಲು ಒಬ್ಬ ಅಧಿಕಾರಿ, ಆ ಹುದ್ದೆಗಾಗಿ ದೊಡ್ಡ ಮನೆತನದವರು ಪೈಪೋಟಿ ನಡೆಸುತ್ತಿದ್ದರಂತೆ. ಲಿಫ್ಟಿನಲ್ಲಿ ಮೇಲೆ ಹೋಗಿ (ಐನೂರು ವರ್ಷದ ತಮಗೆ ಲಿಫ್ಟ್ ಹಾಕಿಸಿಕೊಳ್ಳಲು ಯಾರ ಅಡ್ಡಿಯೂ ಆಗಲಿಲ್ಲವೆಂಬುದನ್ನು ಸಂತೋಷದಿಂದ ಗಮನಿಸಿದೆ) ವಿಲಿಯಂ ರಾಜರ ಕೋಣೆಗಳಲ್ಲಿ ಕೆಂಪು ಮಖಮಲ್ಲು ಹೊದಿಸಿದ ಆ ಪೆಟ್ಟಿಗೆಯಂಥ ಗದ್ದುಗೆಯನ್ನೂ ನೋಡಿದೆವು. ಅತ್ತೆ ಬಗ್ಗಿ ನೋಡಿ, 'ಇದನ್ನ ನಮಗೂ ಕೊಟ್ಟಿದ್ರಲ್ಲ, ಮಖಮಲ್ ಅಷ್ಟ ಇರಲಿಲ್ಲ' ಎಂದರು. ಪಕ್ಕದಲ್ಲಿದ್ದ ಜಪಾನಿ ದಂಪತಿ ಏನೆಂದು ಕೇಳಿದಾಗ ನೇತ್ರಾ ಅನುವಾದ ಮಾಡಿದಳು, ಅವರು ಬಹಳ ಹೊತ್ತು ನಕ್ಕರು.

ಇಲ್ಲಿಯವರೆಗೆ ನಾನು ನಗುತ್ತಲೇ ಇದ್ದೆ. ಕೆಳಗಿಳಿದು ಬಂದಾಗ ತಮ್ಮ ಕೆಫೆಯ ಪಕ್ಕದಲ್ಲಿ ನೇತ್ರಾ ಮೊದಲೇ ನೋಡಿಟ್ಟಿದ್ದ ಟಾಯ್ಲೆಟ್ ಇತ್ತು. ನೆಲಮಟ್ಟದಲ್ಲಿ, ಹೊಸ್ತಿಲಿಲ್ಲದೆ, ಗಾಲಿಕುರ್ಚಿ ತಿರುಗುವಷ್ಟು ಅಗಲ, ಗೋಡೆಗೆ ಎರಡು ಕಂಬಿ. ಅತ್ತೆ ಒಳಗೆ ಹೋಗಿ ಬಂದರು, ಒಬ್ಬರೇ, ಬಾಗಿಲು ಹಾಕಿಕೊಂಡು. ಬಂದವರೇ ಮೇಜಿನ ಮುಂದೆ ಕೂತು ಚಹಾ ಬೇಕೆಂದರು. ಅಭ್ಯಾಸಬಲದಿಂದ ನಾನು ಅರ್ಧ ಕಪ್ಪು ಬಗ್ಗಿಸಿದೆ. ಅವರು ಕಪ್ಪನ್ನು ನನ್ನ ಕಡೆಗೆ ತಳ್ಳಿ, ತುಂಬಿಸು ಎಂದು ಬೆರಳಿನಲ್ಲಿ ಅಂಚು ತೋರಿಸಿದರು. ಕುಡಿದರು. 'ಇನ್ನೊಂದ್ ತಗೊಂಡ್ ಬಾ' ಎಂದರು. ಅದನ್ನೂ ಕುಡಿದು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು, ಯಾವ ಗಡಿಯಾರವನ್ನೂ ನೋಡದೆ ಅರ್ಧ ಗಂಟೆ ಸುಮ್ಮನೆ ಕೂತರು. ಹತ್ತು ತಿಂಗಳಲ್ಲಿ ನಾನು ನೋಡಿದ ಮೊದಲ ತುಂಬಿದ ಕಪ್ಪು ಅದು. ಯಜಮಾನರು ಫೋಟೋ ತೆಗೆಯುವ ನೆಪದಲ್ಲಿ ಎದ್ದು ಆ ಕಡೆ ಹೋದರು, ನಾನು ಹಾಲಿನ ಪೊಟ್ಟಣ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಆದ್ದರಿಂದ ತಮ್ಮ ಮೇಲೆ ನನ್ನ ನಿಜವಾದ ದೂರು ಇದು: ನನ್ನ ಅತ್ತೆ ಇಪ್ಪತ್ತೈದು ವರ್ಷ ಬಾಳಿದ ಸ್ವಂತ ಮನೆಯಲ್ಲಿ ಹೆದರಿ ಕುಡಿಯದ ಚಹಾವನ್ನು ಪರಸ್ಥಳದಲ್ಲಿ, ತಮ್ಮಂಥ ಅಪರಿಚಿತರ ಮನೆಯಲ್ಲಿ ನಿಶ್ಚಿಂತೆಯಾಗಿ ಕುಡಿಯುವಂತೆ ಮಾಡಿ ತಾವು ನಮ್ಮ ಮನೆತನದ ಮಾನ ತೆಗೆದಿದ್ದೀರಿ. ಇದಕ್ಕೆ ಪರಿಹಾರವನ್ನೂ ತಾವೇ ಕೊಡತಕ್ಕದ್ದು.

ರಾಜರು ತಮ್ಮನ್ನು ಬಿಟ್ಟುಹೋದ ಮೇಲೆ, ನಾಡಿಗೆ ಸೇವೆ ಸಲ್ಲಿಸಿದವರಿಗೂ ಅಂಥವರ ವಿಧವೆಯರಿಗೂ ತಮ್ಮ ಕೋಣೆಗಳನ್ನು ಬಾಡಿಗೆಯಿಲ್ಲದೆ ಕೊಡುತ್ತಿದ್ದರೆಂದೂ, ಹಾಗೆ ಬಂದವರು ತಣ್ಣಗಿದೆ, ತೇವವಿದೆ, ಮೆಟ್ಟಿಲು ಬಹಳವಿದೆ ಎಂದು ಒಂದೇ ಸಮನೆ ದೂರು ಬರೆಯುತ್ತಿದ್ದರೆಂದೂ ಅಲ್ಲೇ ತಿಳಿದೆ. ಹಾಗಾದರೆ ತಮ್ಮ ಮೇಲೆ ಬರೆದ ದೂರುಗಾರ್ತಿಯರ ಸಾಲಿನಲ್ಲಿ ನಾನೇ ಕೊನೆಯವಳು, ಮತ್ತು ಅತ್ತೆಗೂ ಒಂದು ಕೋಣೆಯ ಹಕ್ಕಿದೆ. ಅವರು ವಿಧವೆ. ನಾವಿಬ್ಬರೂ ದುಡಿಯಲು ಹೋದಾಗ ಈ ದೇಶಕ್ಕೆ ತೆರಿಗೆ ಕಟ್ಟುವ ಮೊಮ್ಮಗಳೊಬ್ಬಳನ್ನು ಬೆಳೆಸಿಕೊಟ್ಟಿದ್ದಾರೆ. ಕೋವಿಡ್ ಕಾಲದಲ್ಲಿ ಅಂಗಡಿಯಲ್ಲಿ ಮಾಸ್ಕ್ ಮುಗಿದಾಗ ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ, ಹೊಲಿದು, ಬೀದಿಯ ಮನೆಮನೆಗೆ ಹಂಚಿದ್ದಾರೆ. ಇಡೀ ಬೀದಿ ಮೂಗಿನ ಮೇಲೆ ಕೆಂಪು ಸೆರಗು ಕಟ್ಟಿಕೊಂಡು ಓಡಾಡಿತು, ಆಗ ಸ್ವರೂಪ ಕೆಟ್ಟಿತೆಂದು ಯಾರೂ ಬರೆಯಲಿಲ್ಲ. ನೆಲಮಹಡಿಯಲ್ಲಿ, ಕೆಫೆಗೆ ಹತ್ತಿರವಾಗಿ ಒಂದು ಕೋಣೆ ಸಾಕು. ಕೊಡಲಾಗದಿದ್ದರೆ ಆ ಇಪ್ಪತ್ತೆಂಟರಲ್ಲಿ ಒಂದೇ ಒಂದು ಪೀಠವನ್ನು ಗೋಡೆ ಸಮೇತ ಕಡ ಕೊಡಿ. ತಮ್ಮ ಇಟ್ಟಿಗೆಯಾದರೆ ಯಾರೂ ಬಣ್ಣ ಕೇಳುವುದಿಲ್ಲ.

ಅದೂ ಆಗದೆಂದರೆ ಕೊನೆಯ ಬೇಡಿಕೆ. ಕೌನ್ಸಿಲಿನ ತೀರ್ಮಾನದ ವಿರುದ್ಧ ನಾವು ಹಾಕಿರುವ ಮೇಲ್ಮನವಿಯ ಸಂಬಂಧ ಅಧಿಕಾರಿಯೊಬ್ಬರು ಮುಂದಿನ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮನೆ ನೋಡಲು ಬರುತ್ತಾರೆ. ತಾವು ದೊಡ್ಡ ಮನಸ್ಸು ಮಾಡಿ ಸಾಕ್ಷಿಯಾಗಿ ಬಂದು ನಮ್ಮ ಬೀದಿಯಲ್ಲಿ ಒಂದು ಗಂಟೆ ನಿಂತು, ಎರಡು ಬಗೆಯ ಇಟ್ಟಿಗೆ ಒಂದೇ ಮನೆಗಿದ್ದರೆ ಆಕಾಶ ಕಳಚಿ ಬೀಳುವುದಿಲ್ಲವೆಂದು ಅವರಿಗೆ ತಿಳಿಯಪಡಿಸಬೇಕು. ಪೂರ್ತಿ ಬರುವ ತೊಂದರೆ ಬೇಡ, ಯಾವುದಾದರೂ ಒಂದು ಅರ್ಧ ಬಂದರೂ ನಡೆಯುತ್ತದೆ. ಮನೆ ಮುಂದಿನ ಡ್ರೈವ್‌ನಿಂದ ನಮ್ಮ ಕಾರು ತೆಗೆದು ಜಾಗ ಮಾಡಿಟ್ಟಿರುತ್ತೇವೆ.

ಸದ್ಯಕ್ಕೆ ತಮ್ಮ ಅರ್ಧ ವಿಶ್ವಾಸಿ (ಉಳಿದರ್ಧ ಗುರುವಾರದ ತೀರ್ಮಾನ ನೋಡಿಕೊಂಡು),
ಗುರುದೇವಿ ಬಸವಂತಪ್ಪ
ಅರೆಮನೆ, ಕೆಂಟನ್

ತಾ.ಕ.: ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅರಮನೆಯವರಿಗೆ ಇಂಥ ವಿಷಯ ಇಷ್ಟುದ್ದ ಬರೆಯುತ್ತಾರೇನು ಎಂದು ಬೈದರು. ಅಕ್ಕನಿಗೆ ಮಾತ್ರ ವಿಡಿಯೋ ಕಾಲಿನಲ್ಲಿ, ಅರಮನೆಯಲ್ಲಿ ಕೂತು ಎರಡು ಕಪ್ಪು ಚಹಾ ಕುಡಿದೆ ಎಂದು ಹೇಳಿದ್ದಾರೆ. ಇಪ್ಪತ್ತೈದು ವರ್ಷದ ಮೇಲೆ ಆ ಎತ್ವ ಹೋದದ್ದು ಸರಿಹೋಯಿತು. ಗುರುವಾರದ ಏರ್ಪಾಡನ್ನೂ ಅವರೇ ಮಾಡಿದ್ದಾರೆ. ಅಧಿಕಾರಿಗೆ ಒಂದು ತುಂಬಿದ ಕಪ್ಪು ಕೊಡಬೇಕು, ಅವರ ಎದುರಿಗೇ ಅತ್ತೆಗೂ ಒಂದು ತುಂಬಿದ ಕಪ್ಪು ಕೊಡಬೇಕು, ಕುಡಿದ ಮೇಲೆ ಅತ್ತೆ ಎದ್ದು ಮೆಟ್ಟಿಲ ಕಡೆ ಹೋಗುವಾಗ ಮಗನಾಗಲಿ ಸೊಸೆಯಾಗಲಿ ಕೈ ಕೊಡಕೂಡದು ಎಂದು ಅಪ್ಪಣೆಯಾಗಿದೆ. ಬೇಡ ಅತ್ತಿ, ಮತ್ತೆ ಬಿದ್ದರೆ ಏನು ಗತಿ ಎಂದು ನಾನು ಅತ್ತುಬಿಟ್ಟೆ. ಅವರು ನನ್ನ ಕಣ್ಣೊರೆಸಿ ಹೇಳಿದ್ದನ್ನು ಇದ್ದಹಾಗೇ ತಮಗೆ ತಿಳಿಸುತ್ತಿದ್ದೇನೆ: 'ನಾ ಹತ್ತತೀನಿ. ಅಂವಾ ಕೆಳಗ ನಿಂತು ಇಟ್ಟಂಗಿ ಬಣ್ಣಾ ನೋಡ್ಕೋತ ಇರ್ಲಿ.'